ಮೊಮ್ಮಗಳ ಮಂಡಿ ಮತ್ತು ನನ್ನ ನಾಲಿಗೆ

ನಮ್ಮ ಮನೆತನದಲ್ಲಿ ಮಕ್ಕಳನ್ನು ಹೊಗಳುವ ಪದ್ಧತಿ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಕಟುಕಿ ಅಂದುಕೊಳ್ಳಬೇಡಿ. ಯಾರಾದರೂ "ಮಗು ಲಕ್ಷಣವಾಗಿದೆ" ಅಂದರೆ "ಎಂಥ ಲಕ್ಷಣ ಬಿಡಿ, ಒಳ್ಳೆ ಕೋತಿಮರಿ ಇದ್ದಂಗದೆ" ಅನ್ನಬೇಕು. "ಚೆನ್ನಾಗಿ ಓದ್ತಾನಂತೆ" ಅಂದರೆ "ಓದೋದೆಲ್ಲಿ ಬಂತು, ಪುಸ್ತಕ ಇರೋದು ತಲೆದಿಂಬಿಗೆ" ಅನ್ನಬೇಕು. ಕಾಗೆ ಕಣ್ಣು, ಗೂಬೆ ಕಣ್ಣು, ನಾಯಿ ಕಣ್ಣು, ನರಿ ಕಣ್ಣು ಎಲ್ಲಕ್ಕಿಂತ ಹೆತ್ತವರ ಕಣ್ಣೇ ಕೆಟ್ಟದ್ದು ಅಂತ ನಮ್ಮವ್ವ ಹೇಳುತ್ತಿದ್ದಳು. ಅವಳು ನನ್ನನ್ನು ಮದುವೆಯಾಗುವವರೆಗೂ 'ಸೋಂಬೇರಿ' ಅಂತಲೇ ಕರೆದಳು. ಗಂಡನ ಮನೆಗೆ ಕಳಿಸುವಾಗ ನಮ್ಮತ್ತೆಯ ಕೈ ಹಿಡಿದುಕೊಂಡು, "ಇವಳಿಗೆ ಒಂದು ಸಾರು ಮಾಡಕ್ಕೂ ಬರಲ್ಲ ಕಣಮ್ಮ, ನೀವೇ ತಿದ್ಕೊಳಿ" ಅಂದಳು. ಅವ್ವ ಹೇಳಿದ್ದು ದೃಷ್ಟಿ ತಾಕದಿರಲಿ ಅಂತ. ಅತ್ತೆ ಮಾತ್ರ ಅದನ್ನು ಸತ್ಯವೆಂದೇ ನಂಬಿ, ಕಡೆಯವರೆಗೂ ನಾನು ಮಾಡಿದ ಸಾರಿಗೆ ಮೂಗು ಮುರಿದರು. ಈ ಪದ್ಧತಿಯಲ್ಲಿ ಇಂಥ ಒಂದೆರಡು ಸಣ್ಣ ಲೋಪಗಳಿವೆ.

ನಮ್ಮ ಯಜಮಾನರು ಹೋದ ಮೇಲೆ ಮಗಳು ವೀಣಾ ನನ್ನನ್ನು ನ್ಯೂಜಿಲೆಂಡಿಗೆ ಕರೆದುಕೊಂಡು ಬಂದಳು. ನಾವಿರುವುದು ಆಕ್ಲೆಂಡಿನ ಫ್ಲ್ಯಾಟ್ ಬುಷ್‌ನಲ್ಲಿ. ಇಲ್ಲಿನ ಜನರ ವಿಷಯ ಏನು ಹೇಳಲಿ! ಹೊಗಳಿಕೆಗೆ ಇಲ್ಲಿ ಕಾಸು ಕೊಡಬೇಕಾಗಿಲ್ಲ, ಹಾಗಾಗಿ ಮೊರದಲ್ಲಿ ತೂರುತ್ತಾರೆ. ಮಗು ಶೂ ಲೇಸು ಕಟ್ಟಿಕೊಂಡರೆ "ಅಮೇಜಿಂಗ್". ಬಾಳೆಹಣ್ಣು ಸುಲಿದುಕೊಂಡು ತಿಂದರೆ "ಆಸಮ್". ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದರೆ "ಗುಡ್ ಟ್ರೈ". ಇಷ್ಟೆಲ್ಲ ಬಾಯಿಬಿಟ್ಟು ಹೊಗಳಿಯೂ ಇಲ್ಲಿನ ಮಕ್ಕಳು ಗುಂಡುಕಲ್ಲಿನ ಹಾಗೆ ಬೆಳೆಯುತ್ತಾರಲ್ಲ, ಅದು ಹೇಗೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಚಳಿಗೆ ದೃಷ್ಟಿಯೂ ಮರಗಟ್ಟುತ್ತದೋ ಏನೋ.

ಈಗ ನನ್ನ ಮೊಮ್ಮಗಳ ವಿಷಯಕ್ಕೆ ಬರುತ್ತೇನೆ. ಸಿಂಚನ ಅಂತ. ಹೆಸರು ನಾನೇ ಇಟ್ಟದ್ದು. ಇಲ್ಲಿನವರ ಬಾಯಲ್ಲಿ ಅದು ಸಿಂಚ್ ಆಗಿದೆ. ಹುಟ್ಟಿದ್ದು ಇಲ್ಲೇ, ಹಾಗಾಗಿ ನಾನು ಕನ್ನಡದಲ್ಲಿ ಬೈದರೆ ಅವಳು ಇಂಗ್ಲಿಷಿನಲ್ಲಿ ಎದುರುತ್ತರ ಕೊಡುತ್ತಾಳೆ, ಜಗಳಕ್ಕೆ ಏನೂ ತೊಂದರೆಯಿಲ್ಲ. ಈ ವರ್ಷ ಅವಳು ಕಾಲೇಜು ಸೇರಿದಳು. ಇಲ್ಲಿ ಹೈಸ್ಕೂಲಿಗೇ ಕಾಲೇಜು ಅನ್ನುತ್ತಾರೆ. ಊರಿನಲ್ಲಿರುವ ನನ್ನ ಓರಗಿತ್ತಿಗೆ ಫೋನ್ ಮಾಡಿ, "ಸಿಂಚನ ಕಾಲೇಜು ಸೇರಿದಳು ಕಣೆ, ಹದಿಮೂರಕ್ಕೇ" ಅಂದೆ. ಇದು ಹೊಗಳಿಕೆ ಅಲ್ಲ, ಬರೀ ಸುದ್ದಿ. ಹೆಚ್ಚಿನ ವಿವರಣೆ ಅವಳು ಕೇಳಲಿಲ್ಲ, ನಾನು ಕೊಡಲಿಲ್ಲ.

ಅವಳ ಗೆಳತಿಯರೆಲ್ಲ ಬೇರೆ ಕಾಲೇಜಿಗೆ ಹೋಗಿಬಿಟ್ಟಿದ್ದರು. ಇವಳೊಬ್ಬಳೇ ಇಲ್ಲಿ. ಮೊದಲ ವಾರ ಊಟದ ಡಬ್ಬಿ ಹಾಗೇ ವಾಪಸ್ಸು ಬರುತ್ತಿತ್ತು. ಕೇಳಿದರೆ, "ಐ ಆಮ್ ಫೈನ್, ಅಜ್ಜಿ." ಇಲ್ಲಿನ ಮಕ್ಕಳು ಫೈನ್ ಅಂದರೆ ಮನೆಗೆ ಬೆಂಕಿ ಬಿದ್ದಿದೆ ಅಂತ ತಿಳಿದುಕೊಳ್ಳಬೇಕು. ಆಮೇಲೊಂದು ದಿನ ಕಣ್ಣರಳಿಸಿಕೊಂಡು ಬಂದಳು. ಹೊಸ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಆಯ್ಕೆ ನಡೆಯುತ್ತದಂತೆ. ತಂಡಕ್ಕೆ ಸೇರಿದರೆ ಊಟಕ್ಕೆ ಜೊತೆಗೆ ಕೂರುವುದಕ್ಕೆ ಹತ್ತು ಜನ ಸಿಗುತ್ತಾರೆ ಅಂತ ಅವಳು ಬಾಯಿಬಿಟ್ಟು ಹೇಳಲಿಲ್ಲ, ನನಗೆ ತಿಳಿಯಿತು. ಅಂದಿನಿಂದ ಶುರುವಾಯಿತು ನೋಡಿ ನಮ್ಮ ಮನೆಯಲ್ಲಿ ಅಭ್ಯಾಸ. ಸಾಯಂಕಾಲ ಆದರೆ ಸಾಕು, ಎರಡು ಬಟ್ಟೆ ಬುಟ್ಟಿ ಇಟ್ಟು ನಡುವೆ ನನ್ನನ್ನು ನಿಲ್ಲಿಸಿ ಗ್ಯಾರೇಜ್ ಬಾಗಿಲಿಗೆ ಚೆಂಡು ಒದೆಯುವುದು. ಸೀರೆ ಉಟ್ಟ ಗೋಲ್‌ಕೀಪರಿಗೆ ಒಂದು ಅನುಕೂಲ ಇದೆ: ಚೆಂಡು ಕಾಲಿನ ನಡುವೆ ಹೋಗುವುದಿಲ್ಲ. ಅಳಿಯ ಪ್ರಸಾದ್ ಹ್ಯಾಮಿಲ್ಟನ್‌ನಲ್ಲಿ ಕೆಲಸಕ್ಕೆ ಹೋಗಿ ವಾರಕ್ಕೊಮ್ಮೆ ಬರುವವರು. ಒಂದು ದಿನ ನನ್ನನ್ನು ಆ ಸ್ಥಿತಿಯಲ್ಲಿ ನೋಡಿ, "ಅತ್ತೆ, ಸೊಂಟ ಹುಷಾರು" ಅಂದು ಒಳಗೆ ಹೋದರು. ಸಾಫ್ಟ್‌ವೇರಿನವರು, ಅವರ ಮಟ್ಟಿಗೆ ಅದೇ ದೊಡ್ಡ ಸಹಾಯ.

ಆಯ್ಕೆಯ ದಿನ ಶನಿವಾರ ಬೆಳಿಗ್ಗೆ. ಹುಲ್ಲಿನ ಮೇಲೆ ಇಬ್ಬನಿ, ಗಾಳಿ ಚಾಕುವಿನ ಹಾಗೆ. ನಾನು ಸೀರೆಯ ಮೇಲೆ ಅಳಿಯನ ದಪ್ಪ ಜಾಕೆಟ್ಟು, ತಲೆಗೆ ಮಂಕಿ ಕ್ಯಾಪು, ಕಾಲಿಗೆ ಸಿಂಚನಳ ಹಳೆ ಶೂ ಹಾಕಿಕೊಂಡು ಮಡಚುವ ಕುರ್ಚಿಯಲ್ಲಿ ಕೂತೆ. ಪಕ್ಕದಲ್ಲಿ ವೀಣಾ. ಆ ಕಡೆ ಪಕ್ಕದಲ್ಲಿ ಒಬ್ಬ ಬಿಳಿ ಹೆಂಗಸು, ಒಂದು ಕೈಯಲ್ಲಿ ಕಾಫಿ, ಇನ್ನೊಂದು ಕೈಯಲ್ಲಿ ನಾಯಿ. ಮೈದಾನದಲ್ಲಿ ಆ ಚಳಿಯಲ್ಲೂ ಚಡ್ಡಿ ಹಾಕಿಕೊಂಡು ಕೊರಳಿಗೆ ಪೀಪಿ ತೂಗಿಸಿಕೊಂಡ ಕೋಚು, ಟ್ರೇಸಿ ಅಂತ. ಅವಳ ಜೊತೆಗೆ ಟೋಪಿ ಹಾಕಿದ, ಗಡ್ಡದ, ಎತ್ತರದ ಒಬ್ಬ ಮನುಷ್ಯ ಗೆರೆಯ ಉದ್ದಕ್ಕೂ ಓಡಾಡುತ್ತ ಹುಡುಗಿಯರನ್ನು ನೋಡುತ್ತಿದ್ದ. ಫಿಜಿಯವನೋ, ಇನ್ನೆಲ್ಲಿಯವನೋ ಇರಬೇಕು ಅಂದುಕೊಂಡು ಅಲ್ಲಿಗೆ ಬಿಟ್ಟೆ. ಅದನ್ನು ಅಲ್ಲಿಗೆ ಬಿಡಬಾರದಾಗಿತ್ತು.

ಅಂದ ಹಾಗೆ, ಹೊಸಬರನ್ನು ಪರೀಕ್ಷೆ ಮಾಡುವುದು ನನಗೇನೂ ಹೊಸತಲ್ಲ. ನಮ್ಮ ಮಂಡ್ಯದ ಕಡೆ ಬಳಗದಲ್ಲಿ ಯಾರೇ ಹೆಣ್ಣು ನೋಡಲು ಹೊರಟರೂ ಗಾಡಿಯಲ್ಲಿ ನನಗೊಂದು ಜಾಗ ಇದ್ದೇ ಇರುತ್ತಿತ್ತು. ಶಾಲೆಗೆ ನಾಲ್ಕನೇ ಕ್ಲಾಸಿಗೇ ನಮಸ್ಕಾರ ಹೇಳಿದವಳಾದರೂ ಇದರಲ್ಲಿ ನಾನು ಪಂಡಿತೆ. ಉಪ್ಪಿಟ್ಟು ನೋಡಬಾರದು, ಉಪ್ಪಿಟ್ಟಿನ ತಟ್ಟೆ ಹಿಡಿದ ಕೈ ನೋಡಬೇಕು. ಹಾಡು ಕೇಳಬಾರದು, ಹಾಡು ಮುಗಿದ ಮೇಲೆ ಹೇಗೆ ಎದ್ದು ಹೋದಳು ಅಂತ ನೋಡಬೇಕು. ಅದೇ ಶಾಸ್ತ್ರವನ್ನು ಇಲ್ಲೂ ಬಿಚ್ಚಿದೆ. ಉದ್ದ ಜಡೆಯ ಒಬ್ಬಳು ಚೆಂಡು ಹತ್ತಿರ ಬಂದಾಗಲೆಲ್ಲ ಜಡೆ ಸರಿಮಾಡಿಕೊಳ್ಳುತ್ತಿದ್ದಳು. ಇವಳಿಗೆ ಮದುವೆಮನೆ ಸರಿ, ಮೈದಾನ ಅಲ್ಲ. ಇನ್ನೊಬ್ಬಳು ಊರಬಾಗಿಲಿನ ಹಾಗೆ ಗೋಲಿನಲ್ಲಿ ನಿಂತಿದ್ದಳು. ಅವಳು ಏನೂ ಮಾಡಬೇಕಾಗಿರಲಿಲ್ಲ, ಚೆಂಡೇ ನಾಚಿಕೊಂಡು ವಾಪಸ್ಸು ಹೋಗುತ್ತಿತ್ತು. ತಕ್ಷಣ ತೆಗೆದುಕೊಳ್ಳಬೇಕಾದ ಸಂಬಂಧ. ಕನ್ನಡಕಕ್ಕೆ ಲಾಡಿ ಕಟ್ಟಿಕೊಂಡ ಒಂದು ಪುಟ್ಟ ಹುಡುಗಿ ಮಿಡತೆಯ ಹಾಗೆ ಎಲ್ಲರ ಕಾಲಡಿ ನುಗ್ಗಿ ಚೆಂಡು ಕಿತ್ತುಕೊಳ್ಳುತ್ತಿದ್ದಳು, ಪ್ರತಿಸಲವೂ ತಿರುಗಿ "ಸಾರಿ" ಅನ್ನುತ್ತಿದ್ದಳು. ಕಣಜ ದೋಚಿಕೊಂಡು ಹೋಗುವ ಕಳ್ಳ ಬಾಗಿಲಲ್ಲಿ ನಿಂತು ಕೈಮುಗಿದ ಹಾಗೆ! ನನಗೆ ಬಹಳ ಹಿಡಿಸಿದಳು.

ಟ್ರೇಸಿಗೆ ಮಾತ್ರ ಎಲ್ಲರೂ ಹಿಡಿಸಿದ್ದರು. ಯಾರೋ ಒದ್ದ ಚೆಂಡು ಗೋಲು ಬಿಟ್ಟು, ಮೈದಾನ ಬಿಟ್ಟು, ನಿಲ್ಲಿಸಿದ ಕಾರುಗಳ ಮೇಲೆ ಬಿತ್ತು. "ಗುಡ್ ಐಡಿಯಾ!" ಎಂದು ಕೂಗಿದಳು. ಕಾರಿನವನನ್ನು ಕೇಳಿದ್ದರೆ ತಿಳಿಯುತ್ತಿತ್ತು ಎಷ್ಟು ಗುಡ್ಡು ಅಂತ.

ನಾನು ಇದನ್ನೆಲ್ಲ ವೀಣಾಗೆ ವರದಿ ಮಾಡುತ್ತಿದ್ದೆ. ನನ್ನ ಗಂಟಲು ಗದ್ದೆ ಬಯಲಿನಲ್ಲಿ ಪಳಗಿದ್ದು, ಪಿಸುಮಾತು ಅದಕ್ಕೆ ಬರುವುದಿಲ್ಲ.

"ಅಮ್ಮಾ, ಮೆಲ್ಲಗೆ! ಎಲ್ರೂ ತಿರುಗಿ ನೋಡ್ತಿದಾರೆ."

"ನೋಡ್ಲಿ ಬಿಡು. ಇಲ್ಲಿ ಯಾರಿಗೆ ಕನ್ನಡ ಬತ್ತದೆ, ಆ ನಾಯಿಗಾ?"

ಅಷ್ಟರಲ್ಲಿ ಸಿಂಚನಳ ಕಾಲಿಗೆ ಚೆಂಡು ಸಿಕ್ಕಿತು. ಏನು ಹೇಳಲಿ! ಜಡೆಯವಳನ್ನು ದಾಟಿದಳು, ಮಿಡತೆಯನ್ನು ದಾಟಿದಳು, ಆ ಊರಬಾಗಿಲು ಕೈ ಚಾಚುವಷ್ಟರಲ್ಲಿ ಸಂದಿಯಿಂದ ಚೆಂಡು ತೂರಿಸಿ ಬಲೆ ಅಲ್ಲಾಡಿಸಿಬಿಟ್ಟಳು. ನನ್ನ ಎದೆ ಪೂರಿಯ ಹಾಗೆ ಉಬ್ಬಿತು. ಅಳಿಯನ ಜಾಕೆಟ್ಟಿನ ಗುಂಡಿ ಕಿತ್ತುಬರದೆ ಇದ್ದದ್ದು ಅದಕ್ಕೆ ಗುಂಡಿ ಬದಲು ಜಿಪ್ಪು ಇದ್ದದ್ದರಿಂದ. ಆಗಲೇ ಪಕ್ಕದ ಕಾಫಿ ಹೆಂಗಸು ನನ್ನ ಕಡೆ ಬಾಗಿ ಕಣ್ಣು ಇಷ್ಟಗಲ ಮಾಡಿ, "ಶೀ ಈಸ್ ಅಮೇಜಿಂಗ್! ನಿಮ್ಮವಳಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಅಯ್ಯೋ ಶಿವನೇ, ಅಷ್ಟು ದೊಡ್ಡ ನೀಲಿ ಕಣ್ಣು! ಕಲ್ಲೇ ಸೀಳಿಹೋದೀತು, ಇನ್ನು ನನ್ನ ಕೂಸಿನ ಗತಿಯೇನು? ಒಣಮೆಣಸಿನಕಾಯಿ ಮನೆಯಲ್ಲಿತ್ತು. ಕೈಗೆ ಸಿಗುವ ಮದ್ದು ಅಂದರೆ ನಾಲಿಗೆ ಒಂದೇ. ಶುರುಮಾಡಿದೆ.

"ಎಂಥ ಅಮೇಜಿಂಗು ನನ್ ತಲೆ! ಕುರುಡುಕೋಳಿಗೆ ಕಾಳು ಸಿಕ್ದಂಗೆ ಒಂದ್ ಸಲ ಬಿತ್ತು ಅಷ್ಟೆಯ. ಕಾಲು ನೋಡು, ಸೌದೆಕಡ್ಡಿ! ಒಂದ್ ಸುತ್ತು ಓಡುದ್ರೆ ನಾಯಿ ತರ ಏದುಸುರು. ಎಡಗಾಲಂತೂ ಬರೀ ನಿಂತ್ಕಳಕ್ಕೆ ಇರದು. ಅದೂ ಅಲ್ದೆ ಮಂಡಿ ನೋವು ಬೇರೆ, ರಾತ್ರಿಯೆಲ್ಲ ಅಳ್ತದೆ ಪಾಪಿ. ಆಡ್ಸೋದಾದ್ರೆ ಆ ಕನ್ನಡಕದ ಕೂಸ ಆಡ್ಸಿ, ಇದುನ್ನ ಕಟ್ಕೊಂಡು ಏನ್ ಮಾಡೀರಿ!"

ಇದರಲ್ಲಿ ಒಂದು ಅಕ್ಷರವೂ ನಿಜವಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಕಾಫಿ ಹೆಂಗಸಿಗೆ ಏನೂ ಅರ್ಥವಾಗದೆ "ಲವ್ಲೀ" ಎಂದಳು. ದೃಷ್ಟಿ ಹೋಯಿತು ಅಂತ ನಾನು ನಿರಾಳವಾಗಿ ಕುರ್ಚಿಗೆ ಒರಗಿದೆ. ಗೆರೆಯ ಹತ್ತಿರ ಓಡಾಡುತ್ತಿದ್ದ ಗಡ್ಡದವನು ನಮ್ಮ ಎದುರಿಗೇ ನಿಂತು ಒಂದು ಕ್ಷಣ ನನ್ನನ್ನು ನೋಡಿ, ಮೊಮ್ಮಗಳ ಕಾಲನ್ನು ನೋಡಿ, ಸರಸರನೆ ಟ್ರೇಸಿಯ ಕಡೆಗೆ ಹೋದ.

ಪೀಪಿ ಊದಿದರು. ಸಿಂಚನಳನ್ನು ಕರೆದರು. ಬೆಂಚಿನ ಮೇಲೆ ಕೂರಿಸಿದರು. ಟ್ರೇಸಿ ಮಂಡಿಯೂರಿ ಕೂತು ಅವಳ ಮಂಡಿಯನ್ನು ಹಿಂದೆ ಮುಂದೆ ಮಡಚಿ ನೋಡಿ, ಒಂದು ಮಂಜುಗಡ್ಡೆಯ ಚೀಲ ತಂದು ಅದರ ಮೇಲೆ ಇಟ್ಟಳು. ನನ್ನ ಹುಡುಗಿ ಎರಡು ಕೈ ಚೆಲ್ಲಿ ಏನೇನೋ ಹೇಳುತ್ತಿದ್ದಾಳೆ, ಟ್ರೇಸಿ ತಲೆ ಸವರಿ ಸಮಾಧಾನ ಮಾಡುತ್ತಿದ್ದಾಳೆ. ಉಳಿದವರು ಮತ್ತೆ ಆಡತೊಡಗಿದರು. ಚೆನ್ನಾಗಿರುವ ಮಂಡಿಗೆ ಐಸು ಇಟ್ಟುಕೊಂಡು ಕೂತ ಮಗು ಒಬ್ಬಳೇ, ಎಲ್ಲರಿಂದ ದೂರ. ಕಾಲೇಜಿನಲ್ಲಿ ಊಟದ ಹೊತ್ತಿಗೂ ಹೀಗೇ ಕೂರುತ್ತಾಳೇನೋ ಅನ್ನಿಸಿತು.

"ಯಾಕೆ ಕೂರ್ಸುದ್ರು?" ಅಂದೆ. ವೀಣಾ ಉತ್ತರ ಹೇಳುವಷ್ಟರಲ್ಲಿ ಗಡ್ಡದವನು ನಮ್ಮ ಮುಂದೆ ಬಂದು ಬಗ್ಗಿ, ಬಹಳ ಕಾಳಜಿಯಿಂದ ಕೇಳಿದ:

"ಅಜ್ಜೀ, ಹುಡುಗಿ ಮೊಣಕಾಲ ನೋವು ಯಾವಾಗಿಂದ ಐತ್ರಿ? ರಾತ್ರಿಯೆಲ್ಲಾ ಅಳ್ತಾಳಂದ್ರಲ್ಲ, ಡಾಕ್ಟರಿಗೆ ತೋರ್ಸೀರೇನು?"

ಭೂಮಿ ಬಾಯಿಬಿಟ್ಟಿದ್ದರೆ ನಾನು ಕುರ್ಚಿ ಸಮೇತ ಒಳಗೆ ಇಳಿಯುತ್ತಿದ್ದೆ. ವೀಣಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆ ಗಡ್ಡದವರ ಹೆಸರು ಇಮ್ತಿಯಾಜ್. ಹುಬ್ಬಳ್ಳಿಯವರು. ಓದಲು ಬಂದು ಇಲ್ಲೇ ನಿಂತು ಈಗ ಇದೇ ಕಾಲೇಜಿನಲ್ಲಿ ವಿಜ್ಞಾನದ ಮೇಷ್ಟ್ರು, ಶನಿವಾರ ಶನಿವಾರ ಫುಟ್‌ಬಾಲಿಗೆ ಸಹಾಯ. ಅಂದರೆ ಜಡೆಯವಳ ಮದುವೆಯಿಂದ ಹಿಡಿದು ನಾಯಿಯ ಕನ್ನಡದವರೆಗೆ ಎಲ್ಲವನ್ನೂ ಅಚ್ಚುಕಟ್ಟಾಗಿ ಕೇಳಿಸಿಕೊಂಡಿದ್ದಾರೆ.

"ನೋವು ಇಲ್ಲಪ್ಪ," ಅಂದೆ ತೊದಲುತ್ತಾ. "ನಾ ಸುಮ್ನೆ ಅಂದೆ. ಆಯಮ್ಮ ಕಣ್ಣು ಬಿಟ್ಕೊಂಡು ಹೊಗಳ್ತಿದ್ಲಲ್ಲ, ಅದ್ಕೆ... ಕಣ್ಣಾಗಬಾರ್ದು ಅಂತ..."

ಮೇಷ್ಟ್ರ ಗಡ್ಡದೊಳಗೆ ನಗು ಒದ್ದಾಡಿತು. "ನಮ್ಮ ಅಮ್ಮೀನೂ ಹಿಂಗ ರೀ. ನಾ ಫಸ್ಟ್ ಕ್ಲಾಸಿನ್ಯಾಗ ಪಾಸಾದ್ರ, ನಜರ್ ತಾಗತೈತಿ ಅಂತ ಹೇಳಿ, 'ಹೆಂಗೋ ದಾಟ್ಯಾನ ಖೋಡಿ' ಅಂತ ಓಣಿ ತುಂಬ ಹೇಳ್ಕೋಂತ ಅಡ್ಡಾಡಿದ್ಳು. ಆದ್ರ ಈಗ ಏನ್ ಮಾಡೂದ್ರಿ? ನಾ ಕೋಚ್‌ಗೆ ಹೇಳಿಬಿಟ್ಟೇನಿ. ನೋವೈತಿ ಅಂತ ಮನಿಯವರ ಅಂದ್ಮ್ಯಾಲ ಆಡ್ಸಂಗಿಲ್ಲ. ಅಜ್ಜಿ ಸುಳ್ಳ ಹೇಳ್ಯಾರ ಅಂತ ಹೇಳಲೇನು?"

"ಬ್ಯಾಡಪ್ಪಾ, ಮಾನ ಹೋಯ್ತದೆ!"

"ಹಂಗಾರ ಬರ್ರಿ. ನಿಮ್ಮ ಬಾಯಲೆ ನೀವ ನಿಜ ಹೇಳ್ರಿ, ನಾ ಇಂಗ್ಲಿಷಿನ್ಯಾಗ ಹೇಳ್ತೀನಿ."

ಹೀಗೆ ನನ್ನನ್ನು ಮೈದಾನದೊಳಗೆ ಕರೆದುಕೊಂಡು ಹೋದರು. ಒಂದು ಕಡೆ ಟ್ರೇಸಿ, ಒಂದು ಕಡೆ ಮೇಷ್ಟ್ರು, ಎದುರಿಗೆ ಬೆಂಚಿನ ಮೇಲೆ ಸಿಂಚನ, ಕಣ್ಣಿನಲ್ಲಿ ಇನ್ನೇನು ಉದುರುವಷ್ಟು ನೀರು. ಟ್ರೇಸಿ ಕೈಕಟ್ಟಿ ನಿಂತು, ಹುಡುಗಿ ಹೇಗಿದ್ದಾಳೆ ಎಂದು ಕೇಳಿದಳು. ಬರೀ ಎರಡು ಮಾತು ಚೆನ್ನಾಗಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಜೀವಮಾನವೆಲ್ಲ ಒಂದೇ ಕಡೆ ಹೊರಳಿದ ನಾಲಿಗೆಯನ್ನು ಇನ್ನೊಂದು ಕಡೆ ಹೊರಳಿಸುವುದು, ಹಠ ಹಿಡಿದ ಎಮ್ಮೆಯನ್ನು ಕೊಟ್ಟಿಗೆಯಿಂದ ಎಬ್ಬಿಸಿದಷ್ಟೇ ಕಷ್ಟ. ಎಳೆದೂ ಎಳೆದೂ ಕೊನೆಗೆ, "ಪರವಾಗಿಲ್ಲ, ಏನೋ ಒಂದ್ ಮಾದರಿ ಆಡ್ತದೆ" ಅಂದೆ.

ಮೇಷ್ಟ್ರು ಇಂಗ್ಲಿಷು ಮಾಡಿದರು. ಟ್ರೇಸಿಯ ಹುಬ್ಬು ಇನ್ನಷ್ಟು ಗಂಟಾಯಿತು.

"ಅಜ್ಜೀ, 'ಪರವಾಗಿಲ್ಲ' ಇಲ್ಲಿ ನಡಿಯಂಗಿಲ್ರಿ. ಇನ್ನೂ ನೋವೈತಿ, ಮುಚ್ಚಿಡಾಕತ್ತಾರ ಅಂತ ಆಕೀಗೆ ಅನುಮಾನ ಬಂತು. ಬಾಯಿ ತುಂಬ ಹೇಳ್ರಿ."

ಸಿಂಚನ ನನ್ನನ್ನೇ ನೋಡುತ್ತಿದ್ದಳು. ಹಿಂದೆ ಹುಡುಗಿಯರ ಗುಂಪು ಚೆಂಡಿನ ಹಿಂದೆ ಕೇಕೆ ಹಾಕುತ್ತಾ ಓಡುತ್ತಿತ್ತು. ಹಾಳಾಗಿ ಹೋಗಲಿ ದೃಷ್ಟಿ, ಮನೆಗೆ ಹೋಗಿ ಒಂದು ಮಣ ಮೆಣಸಿನಕಾಯಿ ಸುಟ್ಟರಾಯಿತು ಎಂದು ಕಣ್ಣುಮುಚ್ಚಿ ಬಾಯಿಬಿಟ್ಟೆ.

"ನನ್ ಕೂಸು ಓಡುದ್ರೆ ಗಾಳಿನೇ ಪಕ್ಕಕ್ಕೆ ಸರ್ಕೊಂಡು ದಾರಿ ಬಿಡ್ತದೆ. ಒದ್ದೂ ಒದ್ದೂ ಗ್ಯಾರೇಜ್ ಬಾಗ್ಲು ಸೊಟ್ಟಗಾಗದೆ, ಅವಳ ಗುರಿ ಸೊಟ್ಟಗಾಗಿಲ್ಲ. ಬಿದ್ರೆ ಅಳಲ್ಲ, ಗೆದ್ರೆ ಮೆರೆಯಲ್ಲ. ನಂಗೆ ಚೆಂಡು ತಾಕುದ್ರೆ ಆಟ ಬಿಟ್ಟು ಓಡ್ಬಂದು ಕಾಲು ನೀವ್ತಾಳೆ. ಹೊಸ ಸ್ಕೂಲಲ್ಲಿ ಒಬ್ಳೇ ಕೂತ್ಕತಾಳೆ, ಮನೇಲಿ ಯಾರೂ ನೊಂದ್ಕಬಾರ್ದು ಅಂತ ಫೈನು ಫೈನು ಅಂತಾಳೆ. ನಂಗೆ ತಿಳಿಯಲ್ವಾ? ಇಂಥ ಬಂಗಾರ ನಮ್ ಬಳಗದಲ್ಲಿ ಹುಟ್ಟಿಲ್ಲ. ಸೇರುಸ್ಕೊಂಡ್ರೆ ನಿಮ್ ಪುಣ್ಯ, ಸೇರುಸ್ಕೊಳ್ದೆ ಇದ್ರೆ ನಿಮ್ ಕರ್ಮ!"

ಕಣ್ಣು ಬಿಟ್ಟಾಗ ನನಗೇ ಏದುಸಿರು. ಟ್ರೇಸಿ ಬಾಯಿ ತೆರೆದು ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಹೇಳಿದರು: "ಹರ್ ನೀ ಈಸ್ ಫೈನ್."

ಮಂಡಿ ಚೆನ್ನಾಗಿದೆಯಂತೆ! ಇಷ್ಟುದ್ದ ಮಾತಿಗೆ ಇಷ್ಟೇ ಇಂಗ್ಲಿಷಾ? "ಅಷ್ಟೇನಾ?" ಅಂದೆ, ಅರ್ಧ ಸಿಟ್ಟಿನಲ್ಲಿ.

"ಕೋಚ್‌ಗೆ ಅಷ್ಟ ಸಾಕ್ರಿ ಅಜ್ಜಿ," ಎಂದು ಮೇಷ್ಟ್ರು ಗದ್ದದಿಂದ ಬೆಂಚಿನ ಕಡೆ ತೋರಿಸಿದರು. "ಉಳಿದದ್ದು ಯಾರಿಗೆ ಮುಟ್ಟಬೇಕಿತ್ತೋ ಅವರಿಗೆ ಮುಟ್ಟೈತಿ."

ಸಿಂಚನ ಮಂಜುಗಡ್ಡೆಯ ಚೀಲ ಬಿಸಾಕಿ ಎದ್ದಿದ್ದಳು. ಕಿವಿ ಎರಡೂ ಕೆಂಪು. "ಅಜ್ಜಿ, ಯು ಆರ್ ಸೋ ಎಂಬರಾಸಿಂಗ್" ಎಂದಳು. ಮರ್ಯಾದೆ ತೆಗೆದೆ ಎಂದು ಅದರ ಅರ್ಥ. ಹಾಗೆ ಹೇಳುತ್ತಲೇ ನನ್ನ ಮಂಕಿ ಕ್ಯಾಪನ್ನು ಎರಡು ಕೈಯಲ್ಲಿ ಹಿಡಿದು ಕಿವಿಯ ಮೇಲೆ ಸರಿಯಾಗಿ ಎಳೆದು ಮೈದಾನಕ್ಕೆ ಓಡಿದಳು.

ಓಡಿದವಳು ನಾಲ್ಕು ಹೆಜ್ಜೆಗೆ ಜಾರಿ ಕೆಸರಿನಲ್ಲಿ ಅಂಗಾತ ಬಿದ್ದಳು. "ನೋಡ್ದಾ, ನೋಡ್ದಾ! ನನ್ ಕಣ್ಣೇ ತಾಕ್ತು!" ಎಂದು ನಾನು ಹಿಂದೆಯೇ ಬಂದಿದ್ದ ವೀಣಾಳ ತೋಳು ಹಿಂಡಿದೆ. ಆಮೇಲೆ ಒಂದು ಸಲ ಗಾಳಿಗೆ ಒದ್ದಳು, ಇನ್ನೊಂದು ಸಲ ಟ್ರೇಸಿಗೇ ಒದ್ದಳು. "ಗುಡ್ ಐಡಿಯಾ" ಎಂದಳು ಟ್ರೇಸಿ, ಹೊಟ್ಟೆ ಹಿಡಿದುಕೊಂಡು. ನಾನು ಕುರ್ಚಿಗೆ ವಾಪಸ್ಸು ಬಂದು, ಒಳ್ಳೆಯದಾಗಲೀ ಕೆಟ್ಟದ್ದಾಗಲೀ ಒಂದು ಮಾತೂ ಆಡದೆ ಕೂತೆ. ಅಷ್ಟು ಹೊತ್ತು ನಾನು ಬಾಯಿ ಮುಚ್ಚಿದ್ದದ್ದು ಹಲ್ಲು ಕೀಳಿಸಿಕೊಂಡ ದಿನ ಬಿಟ್ಟರೆ ಇದೇ ಮೊದಲು ಎಂದು ವೀಣಾ ಆಮೇಲೆ ಪ್ರಸಾದನಿಗೆ ಹೇಳಿದಳಂತೆ. ಕಡೆಯಲ್ಲಿ ಮಾತ್ರ ನನ್ನ ಹುಡುಗಿ ತಾನೇ ಹೊಡೆಯಬಹುದಾಗಿದ್ದ ಚೆಂಡನ್ನು ಆ ಕನ್ನಡಕದ ಕೂಸಿನ ಕಾಲಿಗೆ ತಳ್ಳಿದಳು, ಅದು ಗೋಲು ಹೊಡೆದು ಗೋಲಿನವಳಿಗೆ "ಸಾರಿ" ಎಂದಿತು.

ಟ್ರೇಸಿ ಎಲ್ಲರನ್ನೂ ಹುಲ್ಲಿನ ಮೇಲೆ ಕೂರಿಸಿ ಆಯ್ಕೆಯಾದವರ ಹೆಸರು ಕೂಗಿದಳು. ಊರಬಾಗಿಲು. ಮಿಡತೆ. ಅಷ್ಟೇಕೆ, ಜಡೆಯವಳೂ! ನನ್ನ ಶಾಸ್ತ್ರಕ್ಕೆ ಅಷ್ಟೇ ಬೆಲೆ. ಆಮೇಲೆ "ಸಿಂಟಾನಾ" ಎಂದಳು. ಅದು ನಮ್ಮವಳೇ ಎಂದು ವೀಣಾ ಕಿರುಚಿದ ಮೇಲೆ ತಿಳಿದು ನಾನು ಎದ್ದು ಹಾರಿದೆ. ಕುರ್ಚಿ ಸೆರಗನ್ನು ಕಚ್ಚಿಕೊಂಡು ಮಡಚಿಕೊಂಡಿತು. ಕಾಫಿ ಹೆಂಗಸು ನಾಯಿಯನ್ನು ವೀಣಾಳ ಕೈಗೆ ಕೊಟ್ಟು, ನನ್ನನ್ನು ಕುರ್ಚಿಯಿಂದ ಬಿಡಿಸಿ, ಜಾಕೆಟ್ಟು ಸಮೇತ ತಬ್ಬಿಕೊಂಡಳು. ಜಡೆಯವಳು ಅವಳ ಮಗಳಂತೆ. ಅವಳಿಗೆ ಕನ್ನಡ ಬಾರದೆ ಇದ್ದದ್ದು ದೇವರ ದಯೆ.

ಮೊದಲ ಪಂದ್ಯದ ದಿನ ನಾನು ಡಬ್ಬಿ ತುಂಬ ಕೋಡುಬಳೆ ಮಾಡಿಕೊಂಡು ಹೋದೆ. ಆಟಕ್ಕೆ ಮುಂಚೆಯೇ ಹುಡುಗಿಯರು ಸುತ್ತ ಕೂತು ಉಂಗುರದ ಹಾಗೆ ಬೆರಳಿಗೆ ತೊಟ್ಟು ಕಡಿದು ಖಾಲಿ ಮಾಡಿದರು. ನಮ್ಮವಳು ನಡುವೆ ಕೂತಿದ್ದಳು, ಆ ಕಡೆ ಊರಬಾಗಿಲು, ಈ ಕಡೆ ಮಿಡತೆ. ಊರಬಾಗಿಲು ಕೊನೆಯ ಕೋಡುಬಳೆ ಬಾಯಿಗೆ ಹಾಕಿಕೊಂಡು, "ನಿನ್ನ ನಾನಾ ಅಮೇಜಿಂಗ್!" ಎಂದಳು. ಇಲ್ಲಿ ಅಜ್ಜಿಗೆ ನಾನಾ ಅನ್ನುತ್ತಾರೆ.

ಸಿಂಚನಳ ಮುಖದ ಬಣ್ಣವೇ ಬದಲಾಯಿತು. ತಟಕ್ಕನೆ ನನ್ನ ಕಡೆ ಒಮ್ಮೆ ನೋಡಿ, ದೊಡ್ಡ ದನಿಯಲ್ಲಿ, ಮೈದಾನಕ್ಕೆಲ್ಲ ಕೇಳುವ ಹಾಗೆ, ಗಡಗಡ ಏನೇನೋ ಹೇಳತೊಡಗಿದಳು. ನನಗೆ ಅಷ್ಟು ವೇಗದ ಇಂಗ್ಲಿಷು ಹತ್ತುವುದಿಲ್ಲ. ಬೆರಳು ಮಾತ್ರ ನನ್ನ ಕಡೆಗೇ ಇತ್ತು.

"ಏನಂತೆ?" ಎಂದು ವೀಣಾಳನ್ನು ಕೇಳಿದೆ.

ಅವಳು ನಗು ತಡೆದುಕೊಂಡು ಹೇಳಿದಳು: "ಅಮೇಜಿಂಗೂ ಇಲ್ಲ ಏನೂ ಇಲ್ಲ, ಅರ್ಧ ಕಿವುಡು, ಕೋಡುಬಳೆ ಯಾವಾಗ್ಲೂ ಸೀದುಹೋಗುತ್ತೆ, ಗೋಲಲ್ಲಿ ನಿಂತ್ರೆ ಒಂದು ಚೆಂಡೂ ತಡೆಯಲ್ಲ, ರಾತ್ರಿ ಗೊರಕೆ ಹೊಡೆದ್ರೆ ಪಕ್ಕದ ಮನೆಯವರು ಏಳ್ತಾರೆ ಅಂತಿದಾಳೆ."

ನಾನು ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ಅಷ್ಟು ಜನರ ನಡುವೆ ನನ್ನ ಮೇಲೆ ಕಣ್ಣು ಬೀಳಬಾರದು ಎಂದು ಇದುವರೆಗೆ ಯಾರೂ ಇಷ್ಟು ಜೋರಾಗಿ ಬೈದಿರಲಿಲ್ಲ. ಆಮೇಲೆ ಏನೋ ಒಂದು ಚುಚ್ಚತೊಡಗಿತು.

"ಲೇ ವೀಣಾ, ಗೊರಕೆದು ಸುಳ್ಳು ತಾನೆ?"

ಅವಳು ಆಟ ನೋಡುವುದರಲ್ಲಿ ಮುಳುಗಿಹೋದವಳ ಹಾಗೆ ಮೈದಾನದ ಕಡೆ ಕತ್ತು ತಿರುಗಿಸಿದಳು. ಆಟ ಇನ್ನೂ ಶುರುವಾಗಿರಲಿಲ್ಲ.